ಕೂಫಾದ ಬಟ್ಟೆ ವ್ಯಾಪಾರಿ ಇಮಾಮ್ ಅಬೂಹನೀಫಾ(ರ)

ಬಟ್ಟೆ ಅಂಗಡಿಗೆ ಹೋದಾಗ ಗಲ್ಲಾದ ಹಿಂದಿನ ಗೋಡೆಯ ಮೇಲೆ ಒಂದು ಫಲಕವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರಬಹುದು. ಒಮ್ಮೆ ಮಾರಿದ ಮಾಲನ್ನು ಯಾವ ಕಾರಣಕ್ಕೂ ಹಿಂದಕ್ಕೆ ಪಡೆಯಲಾಗುವುದಿಲ್ಲವೆಂದು ಅದರಲ್ಲಿ ಬರೆದಿರುತ್ತದೆ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರಗಳಲ್ಲಿಯೂ ಅದೇ ಮಾತು ಇರುತ್ತದೆ. ಕೆಲವು ಅಂಗಡಿಗಳಲ್ಲಿ ಅದೇ ಗೋಡೆಯ ಮೇಲೆ ಕುರ್‌ಆನಿನ ಸೂಕ್ತವೊಂದನ್ನು ಚೌಕಟ್ಟು ಹಾಕಿಸಿ ತೂಗುಹಾಕಿರುವುದೂ ಉಂಟು. ಎರಡನ್ನೂ ಜೊತೆಯಾಗಿ ಓದುವ ಗಿರಾಕಿಗೆ ಏನನ್ನಿಸಬಹುದೆಂದು ನಾವು ಯೋಚಿಸಿದ್ದೇವೆಯೇ?

ಸುಮಾರು 1,300 ವರ್ಷಗಳ ಹಿಂದೆ ಇರಾಕಿನ ಕೂಫಾ ಪಟ್ಟಣದಲ್ಲಿ ಬಟ್ಟೆ ಮಾರುತ್ತಿದ್ದ ಒಬ್ಬ ವ್ಯಾಪಾರಿಯ ಬದುಕಿನಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಅವರ ಹೆಸರು ನುಅಮಾನ್ ಬಿನ್ ಸಾಬಿತ್. ಲೋಕವು ಅವರನ್ನು ಇಮಾಮ್ ಅಬೂಹನೀಫಾ(ರ) ಎಂದು ಬಲ್ಲದು. ಅವರ ಪಾಂಡಿತ್ಯ, ಅವರ ಆರಾಧನೆ, ಅವರ ಹೆಸರಿನಲ್ಲಿರುವ ಮದ್ಹಬ್ ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಸಾಕಷ್ಟು ಮಾತು ಕೇಳಿಬರುತ್ತದೆ. ಆದರೆ ಅವರ ಅಂಗಡಿಯ ಬಗ್ಗೆ ಕೇಳಿಬರುವುದು ಕಡಿಮೆ. ವಾಸ್ತವದಲ್ಲಿ ಆ ಅಂಗಡಿಯನ್ನು ಬಿಟ್ಟು ಇಮಾಮರನ್ನು ಅರಿಯಲು ಸಾಧ್ಯವಿಲ್ಲ.

ವ್ಯಾಪಾರಿಯ ಮನೆಯ ಮಗ

ಇಮಾಮರು ಹಿಜರಿ 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ ಕೂಫಾದಲ್ಲಿ ಜನಿಸಿದರು. ಅವರ ಪೂರ್ವಜರು ಪರ್ಶಿಯನ್ ಮೂಲದವರು. ತಂದೆ ಸಾಬಿತ್ ವ್ಯಾಪಾರಿಯಾಗಿದ್ದರು. ಪ್ರವಾದಿವರ್ಯರ(ಸ) ಸೇವೆಯಲ್ಲಿ ಬೆಳೆದ ಅನಸ್ ಬಿನ್ ಮಾಲಿಕ್‌ರನ್ನು(ರ) ಇಮಾಮರು ಬಾಲ್ಯದಲ್ಲಿ ಕಂಡಿದ್ದರೆಂದು ಚರಿತ್ರೆಕಾರರು ಹೇಳುತ್ತಾರೆ.

ತಂದೆಯ ಹಾದಿಯಲ್ಲಿಯೇ ಮಗನೂ ಬಟ್ಟೆಯ ವ್ಯಾಪಾರಕ್ಕಿಳಿದರು. ರೇಷ್ಮೆ ಮತ್ತು ಉಣ್ಣೆ ಬೆರೆಸಿ ನೇಯುವ ಖಝ್ಝ್ ಎಂಬ ಬೆಲೆಬಾಳುವ ಬಟ್ಟೆ ಅವರ ಮುಖ್ಯ ಸರಕು. ಕೂಫಾದಲ್ಲಿ ಅಮ್ರ್ ಬಿನ್ ಹುರೈಸ್‌ರ ಮನೆಯೆಂದು ಪ್ರಸಿದ್ಧವಾಗಿದ್ದ ಕಟ್ಟಡದಲ್ಲಿ ಅವರ ಅಂಗಡಿಯಿತ್ತು. ತರುಣ ನುಅಮಾನರ ದಿನಗಳು ಮಾರುಕಟ್ಟೆಯಲ್ಲಿಯೇ ಕಳೆಯುತ್ತಿದ್ದವು. ಆ ಕಾಲದ ಹಿರಿಯ ವಿದ್ವಾಂಸ ಶಅಬೀಯವರು ಒಂದು ದಿನ ದಾರಿಯಲ್ಲಿ ಅವರನ್ನು ಕಂಡು, ಎಲ್ಲಿಗೆ ಹೋಗಿ ಬರುತ್ತಿರುವೆಯೆಂದು ವಿಚಾರಿಸಿದರು. ಮಾರುಕಟ್ಟೆಗೆಂದು ತರುಣ ಉತ್ತರಿಸಿದಾಗ, ಇಷ್ಟು ಚುರುಕಾದ ಬುದ್ಧಿಯುಳ್ಳವನು ವಿದ್ವಾಂಸರ ಸಹವಾಸವನ್ನೂ ಮಾಡಬೇಕೆಂದು ಅವರು ಬುದ್ಧಿ ಹೇಳಿದರು. ಆ ಮಾತು ತರುಣನ ಮನಸ್ಸಿಗೆ ನಾಟಿತು.

ಮುಂದೆ ಅವರು ಹಮ್ಮಾದ್ ಬಿನ್ ಅಬೀ ಸುಲೈಮಾನ್‌ರ ಶಿಷ್ಯರಾದರು. ಹದಿನೆಂಟು ವರ್ಷ ಗುರುವಿನ ಜೊತೆಗಿದ್ದು, ಹಿಜರಿ 120ರಲ್ಲಿ ಗುರು ನಿಧನರಾದಾಗ ಅವರ ಸ್ಥಾನದಲ್ಲಿ ಕುಳಿತರು. ಆದರೆ ಅಂಗಡಿಯನ್ನು ಮುಚ್ಚಲಿಲ್ಲ. ಪಾಲುದಾರರನ್ನೂ ಕೆಲಸದವರನ್ನೂ ಇಟ್ಟುಕೊಂಡು ವ್ಯಾಪಾರವನ್ನು ಮುಂದುವರಿಸಿದರು. ಮಸೀದಿಯಲ್ಲಿ ಶಿಷ್ಯರಿಗೆ ಕಲಿಸಿದುದನ್ನು ಅಂಗಡಿಯಲ್ಲಿ ಗಿರಾಕಿಯ ಮುಂದೆ ಪಾಲಿಸಬೇಕಾದ ಹೊಣೆ ಅವರ ಮೇಲಿತ್ತು. ಈ ಹೊಣೆಯನ್ನು ಅವರು ಹೇಗೆ ನಿಭಾಯಿಸಿದರೆಂಬುದಕ್ಕೆ ಒಂದು ಪ್ರಸಂಗ ಸಾಕು.

ಹೇಳದೆ ಉಳಿದ ಐಬು

ಹಫ್ಸ್ ಬಿನ್ ಅಬ್ದುರ್ರಹ್ಮಾನ್ ಎಂಬವರು ಇಮಾಮರ ವ್ಯಾಪಾರದ ಪಾಲುದಾರರಾಗಿದ್ದರು. ಇಮಾಮರು ಅವರಿಗೆ ಬಟ್ಟೆಗಳನ್ನು ಕಳುಹಿಸುತ್ತಿದ್ದರು. ಒಮ್ಮೆ ಕಳುಹಿಸಿದ ಮಾಲಿನಲ್ಲಿ ಒಂದು ಬಟ್ಟೆಗೆ ಐಬು ಇತ್ತು. ಇಮಾಮರು ಅದನ್ನು ಬಚ್ಚಿಡಲಿಲ್ಲ. ಇಂತಹ ಬಟ್ಟೆಯಲ್ಲಿ ಇಂತಹ ಐಬು ಇದೆ, ಮಾರುವಾಗ ಕೊಳ್ಳುವವರಿಗೆ ಅದನ್ನು ತಿಳಿಸಬೇಕು ಎಂದು ಪಾಲುದಾರನಿಗೆ ಸ್ಪಷ್ಟವಾಗಿ ಹೇಳಿ ಕಳುಹಿಸಿದರು. ಹಫ್ಸ್ ಮಾಲನ್ನೆಲ್ಲ ಮಾರಿದರು. ಆದರೆ ಐಬಿನ ಮಾತನ್ನು ಹೇಳಲು ಮರೆತರು. ಕೊಂಡವನು ಯಾರೆಂಬುದೂ ಅವರಿಗೆ ತಿಳಿದಿರಲಿಲ್ಲ.

ವಿಷಯ ತಿಳಿದಾಗ ಇಮಾಮರು ಆ ಮಾಲಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರು. ಕೆಲವು ವರದಿಗಳು ಆ ಮೊತ್ತವನ್ನು 30,000 ದಿರ್ಹಮ್ ಎನ್ನುತ್ತವೆ. ಆ ಬಳಿಕ ಇಮಾಮರು ಹಫ್ಸ್‌ರೊಂದಿಗಿನ ಪಾಲುದಾರಿಕೆಯನ್ನೇ ಕೊನೆಗೊಳಿಸಿದರೆಂದೂ ಕೆಲವರು ಹೇಳಿದ್ದಾರೆ.

ಈ ಘಟನೆಯನ್ನು ನಾವು ಹಲವು ಬಾರಿ ಕೇಳಿದ್ದೇವೆ. ಆದರೆ ಒಂದು ಅಂಶದ ಮೇಲೆ ಗಮನ ಹರಿಸುವುದಿಲ್ಲ. ಇಲ್ಲಿ ಯಾವ ಗಿರಾಕಿಯೂ ದೂರು ತಂದಿರಲಿಲ್ಲ. ಯಾರೂ ಬಟ್ಟೆಯನ್ನು ಹಿಡಿದುಕೊಂಡು ಅಂಗಡಿಯ ಮುಂದೆ ಗಲಾಟೆ ಮಾಡಿರಲಿಲ್ಲ. ಕೊಂಡವನಿಗೆ ಆ ಐಬು ಕೊನೆಯವರೆಗೂ ಕಾಣದೆ ಇರುವ ಸಾಧ್ಯತೆಯೂ ಇತ್ತು. ಬೇರೆ ವ್ಯಾಪಾರಿಯಾಗಿದ್ದರೆ ಗಿರಾಕಿ ಬಂದರೆ ನೋಡೋಣವೆಂದು ಸುಮ್ಮನಾಗುತ್ತಿದ್ದನು. ಇಮಾಮರ ದೃಷ್ಟಿಯಲ್ಲಿ ಗಿರಾಕಿಗೆ ಕೊಡಬೇಕಾದ ಖಾತರಿಯು ಅವನು ತಿರುಗಿ ಬಂದಾಗ ಆರಂಭವಾಗುವಂತಹುದಲ್ಲ. ಬಟ್ಟೆ ಅಂಗಡಿಯಿಂದ ಹೊರಹೋಗುವ ಮುನ್ನವೇ ಅದು ಆರಂಭವಾಗುತ್ತದೆ. ಗಿರಾಕಿ ಕಾಣದಿದ್ದರೂ ಅಲ್ಲಾಹನು ಕಾಣುತ್ತಾನೆಂಬ ನಂಬಿಕೆಯೇ ಅದರ ಬುನಾದಿ.

ಪ್ರವಾದಿವರ್ಯರು(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದಾಗ ಒಳಗೆ ಒದ್ದೆಯಾಗಿತ್ತು. ಮಳೆಯಿಂದ ಒದ್ದೆಯಾಯಿತೆಂದು ಮಾರುವವನು ಸಮಜಾಯಿಷಿ ಹೇಳಿದನು. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆ ಏಕಿಡಲಿಲ್ಲವೆಂದು ಪ್ರವಾದಿವರ್ಯರು(ಸ) ಅವನನ್ನು ತರಾಟೆಗೆ ತೆಗೆದುಕೊಂಡರು. ಕೂಫಾದ ಅಂಗಡಿಯಲ್ಲಿ ಪಾಲನೆಯಾದುದು ಇದೇ ಪಾಠ.

ಇಬ್ಬರು ಸ್ತ್ರೀಯರು

ಮಾಲಿನ ಐಬಿನಂತೆಯೇ ಅದರ ಬೆಲೆಯೂ ಗಿರಾಕಿಗೆ ತಿಳಿಯದ ವಿಷಯವಾಗಿರುತ್ತದೆ. ಬೆಲೆಯ ವಿಷಯದಲ್ಲಿ ಇಮಾಮರು ಹೇಗೆ ನಡೆದುಕೊಂಡರೆಂದು ಎರಡು ಘಟನೆಗಳು ತಿಳಿಸುತ್ತವೆ.

ಒಮ್ಮೆ ಒಬ್ಬ ಸ್ತ್ರೀ ರೇಷ್ಮೆಯ ಬಟ್ಟೆಯೊಂದನ್ನು ಮಾರಲೆಂದು ಅವರ ಅಂಗಡಿಗೆ ತಂದಳು. ನೂರು ದಿರ್ಹಮ್ ಕೊಟ್ಟರೆ ಸಾಕೆಂದಳು. ಕೊಳ್ಳುವವರು ಇಮಾಮರು, ಕಡಿಮೆ ಬೆಲೆಗೆ ಸಿಕ್ಕಿದರೆ ಲಾಭವಾಗುವುದು ಅವರಿಗೆ. ಆದರೂ ಈ ಬಟ್ಟೆ ಅದಕ್ಕಿಂತ ಹೆಚ್ಚು ಬೆಲೆಯದೆಂದು ಅವರೇ ಹೇಳಿದರು. ಆಕೆ ಇನ್ನೂ ನೂರು ಹೆಚ್ಚಿಸಿದಳು. ಅದೂ ಕಡಿಮೆಯೆಂದರು. ಹೀಗೆ ನಾನೂರರವರೆಗೆ ಹೋದಾಗಲೂ ಅವರು ಒಪ್ಪದಿದ್ದುದನ್ನು ಕಂಡು, ತನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಆಕೆ ಬೇಸರಗೊಂಡಳು. ಬೆಲೆ ಕಟ್ಟಲು ಬಲ್ಲ ಒಬ್ಬನನ್ನು ಕರೆತರುವಂತೆ ಇಮಾಮರು ಹೇಳಿದರು. ಕೊನೆಗೆ ಬಟ್ಟೆಯನ್ನು ಐನೂರು ದಿರ್ಹಮ್‌ಗೆ ಕೊಂಡರು.

ಇನ್ನೊಮ್ಮೆ ಮತ್ತೊಬ್ಬ ಸ್ತ್ರೀ ಬಟ್ಟೆ ಕೊಳ್ಳಲು ಬಂದಳು. ತಾನು ನಿರ್ಬಲೆ, ಬೆಲೆಯ ವಿಷಯ ತನಗೆ ತಿಳಿಯದು, ಅಸಲು ಬೆಲೆಗೇ ಕೊಡಬೇಕೆಂದು ಆಕೆ ಕೇಳಿಕೊಂಡಳು. ಇಮಾಮರು ನಾಲ್ಕು ದಿರ್ಹಮ್ ಕೊಡುವಂತೆ ಹೇಳಿದರು. ಅಷ್ಟು ಒಳ್ಳೆಯ ಬಟ್ಟೆಗೆ ನಾಲ್ಕೇ ದಿರ್ಹಮ್ ಎಂದಾಗ ಆಕೆ ನಂಬಲಿಲ್ಲ. ಮುದುಕಿಯನ್ನು ಹಾಸ್ಯ ಮಾಡಬಾರದೆಂದಳು. ಆಗ ಇಮಾಮರು ಲೆಕ್ಕವನ್ನು ಬಿಡಿಸಿ ಹೇಳಿದರು. ತಾನು ಎರಡು ಬಟ್ಟೆಗಳನ್ನು ಜೊತೆಯಾಗಿ ಕೊಂಡಿದ್ದೆ. ಒಂದನ್ನು ಮಾರಿದಾಗ ನಾಲ್ಕು ದಿರ್ಹಮ್‌ನ ಹೊರತು ಎರಡರ ಅಸಲೂ ಕೈಸೇರಿತು. ಇನ್ನೊಂದು ಬಟ್ಟೆಯ ಮೇಲೆ ತನಗೆ ಉಳಿದಿರುವ ಅಸಲು ನಾಲ್ಕೇ ದಿರ್ಹಮ್ ಎಂದು ತಿಳಿಸಿದರು. ಅಸಲು ಬೆಲೆಗೆ ಕೊಡುತ್ತೇನೆಂದು ಒಪ್ಪಿದ ಮೇಲೆ ಆ ಮಾತಿಗೆ ತನ್ನ ಅನುಕೂಲಕ್ಕೆ ತಕ್ಕ ಅರ್ಥವನ್ನು ಅವರು ಹಚ್ಚಲಿಲ್ಲ.

ಅಂಗಡಿಯ ಅನುಭವ, ಶಾಸ್ತ್ರದ ನಿಯಮ

ಈ ನಡವಳಿಕೆಯನ್ನು ಒಬ್ಬ ಒಳ್ಳೆಯ ಮನುಷ್ಯನ ಔದಾರ್ಯವೆಂದು ಹೊಗಳಿ ಮುಂದೆ ಸಾಗುವಂತಿಲ್ಲ. ಔದಾರ್ಯವು ಮನಸ್ಸು ಬಂದರೆ ಇರುತ್ತದೆ, ಬಾರದಿದ್ದರೆ ಇಲ್ಲ. ಗಿರಾಕಿಗೆ ಬೇಕಾದುದು ಕೇಳಿ ಪಡೆಯಬಹುದಾದ ಹಕ್ಕು. ಇಮಾಮರೂ ಅವರ ಶಿಷ್ಯರೂ ರೂಪಿಸಿದ ಕರ್ಮಶಾಸ್ತ್ರದಲ್ಲಿ ಈ ಹಕ್ಕುಗಳಿಗೆ ಖಿಯಾರ್, ಅಂದರೆ ಆಯ್ಕೆಯ ಹಕ್ಕು ಎಂಬ ಹೆಸರಿದೆ.

ಮೊದಲನೆಯದು ಐಬಿನ ಮೇಲಿನ ಹಕ್ಕು. ಕನ್ನಡದಲ್ಲಿ ನಾವು ದಿನನಿತ್ಯ ಬಳಸುವ ಐಬು ಎಂಬ ಪದವು ಅರಬಿಯ ಐಬ್ ಎಂಬುದರಿಂದಲೇ ಬಂದಿದೆ. ಯಾವುದು ಐಬು? ವ್ಯಾಪಾರಿಗಳ ವಾಡಿಕೆಯಲ್ಲಿ ಯಾವ ಕುಂದು ಮಾಲಿನ ಬೆಲೆಯನ್ನು ತಗ್ಗಿಸುತ್ತದೋ ಅದುವೇ ಐಬು. ಕೊಂಡ ಬಳಿಕ ಅಂತಹ ಐಬು ಕಂಡುಬಂದರೆ ಗಿರಾಕಿಯು ಮಾಲನ್ನು ಹಿಂದಿರುಗಿಸಿ ಪೂರ್ತಿ ಹಣವನ್ನು ಮರಳಿ ಪಡೆಯಬಹುದು. ಇಟ್ಟುಕೊಳ್ಳುವುದಾದರೆ ಪೂರ್ತಿ ಬೆಲೆಗೇ ಇಟ್ಟುಕೊಳ್ಳಬೇಕು.

ಬಟ್ಟೆಯನ್ನು ಹೊಲಿಗೆಗೆಂದು ಕತ್ತರಿಸಿದ ಮೇಲೆ ಐಬು ಕಂಡರೆ ಏನು ಮಾಡಬೇಕು? ಕತ್ತರಿಸಿದ ಬಟ್ಟೆಯನ್ನು ಮಾರಿದವನ ಮೇಲೆ ಬಲವಂತವಾಗಿ ಹೇರಿದರೆ ಅವನಿಗೆ ಅನ್ಯಾಯವಾಗುತ್ತದೆ. ಕೊಂಡವನನ್ನು ಬರಿಗೈಯಲ್ಲಿ ಕಳುಹಿಸಿದರೆ ಇವನಿಗೆ ಅನ್ಯಾಯವಾಗುತ್ತದೆ. ಆದುದರಿಂದ ಆ ಐಬಿನಿಂದ ಬೆಲೆ ಎಷ್ಟು ತಗ್ಗುವುದೋ ಅಷ್ಟನ್ನು ಮಾರಿದವನು ಹಿಂದಿರುಗಿಸಬೇಕು. ಕತ್ತರಿಸಿದ ಬಟ್ಟೆಯನ್ನೇ ಮರಳಿ ಪಡೆಯಲು ಅವನು ಒಪ್ಪಿದರೆ ಹಾಗೂ ಆಗಬಹುದು. ಇನ್ನೊಂದೆಡೆ, ಐಬು ತಿಳಿದೇ ಕೊಂಡವನಿಗೆ ಹಿಂದಿರುಗಿಸುವ ಹಕ್ಕಿಲ್ಲ. ಐಬನ್ನು ಕಂಡ ಬಳಿಕವೂ ಆ ಬಟ್ಟೆಯನ್ನು ಉಟ್ಟು ಓಡಾಡಿದವನಿಗೂ ಇಲ್ಲ. ಖಾತರಿಯನ್ನು ದುರುಪಯೋಗಪಡಿಸುವ ಗಿರಾಕಿಯಿಂದ ವ್ಯಾಪಾರಿಗೂ ರಕ್ಷಣೆ ಇದೆಯೆಂಬುದನ್ನು ಗಮನಿಸಬೇಕು.

ಎರಡನೆಯದು ನೋಡುವ ಹಕ್ಕು. ಮಾಲನ್ನು ನೋಡದೆಯೇ ಕೊಂಡವನು ಅದನ್ನು ನೋಡಿದ ಬಳಿಕ ಬೇಡವೆನ್ನಬಹುದು. ಐಬು ಇರಲೇಬೇಕೆಂದಿಲ್ಲ. ಹನಫೀ ಮದ್ಹಬ್‌ನಲ್ಲಿ ಈ ಹಕ್ಕು ಕೊಂಡವನಿಗೆ ಮಾತ್ರ ಇದೆ. ಇಮಾಮರು ಮೊದಲು ಮಾರುವವನಿಗೂ ಈ ಹಕ್ಕು ಇದೆಯೆಂದು ಅಭಿಪ್ರಾಯಪಟ್ಟಿದ್ದರು. ಬಳಿಕ ಆ ಅಭಿಪ್ರಾಯವನ್ನು ಬಿಟ್ಟರು. ಉಸ್ಮಾನ್(ರ) ಮತ್ತು ತಲ್ಹಾ(ರ) ಅವರ ನಡುವೆ ಬಸ್ರಾದ ಜಮೀನೊಂದರ ಮಾರಾಟದಲ್ಲಿ ಇದೇ ಪ್ರಶ್ನೆ ಬಂದಾಗ, ಮಧ್ಯಸ್ಥರಾದ ಜುಬೈರ್ ಬಿನ್ ಮುತ್‌ಇಮ್(ರ) ಅವರು ಹಕ್ಕು ಕೊಂಡವರಾದ ತಲ್ಹಾರದೆಂದು ತೀರ್ಮಾನಿಸಿದ್ದು ಇದಕ್ಕೆ ಆಧಾರವಾಯಿತು. ನೋಡದ ಮಾಲಿನ ಬಗ್ಗೆ ಇತರ ಇಮಾಮರ ನಿಲುವು ಬೇರೆಯಾಗಿದೆ. ಆದರೆ ಐಬನ್ನು ಮುಚ್ಚಿಟ್ಟು ಮಾರುವುದು ಪಾಪವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಮೂರನೆಯದು ಷರತ್ತಿನ ಹಕ್ಕು. ಯೋಚಿಸಿ ಹೇಳುತ್ತೇನೆಂದು ಗಿರಾಕಿಯು ಕಾಲಾವಕಾಶ ಕೇಳಿಕೊಳ್ಳಬಹುದು. ಇಮಾಮರ ಅಭಿಪ್ರಾಯದಲ್ಲಿ ಇದರ ಗಡುವು ಮೂರು ದಿನ. ವ್ಯಾಪಾರದಲ್ಲಿ ಪದೇಪದೇ ಮೋಸಹೋಗುತ್ತಿದ್ದ ಒಬ್ಬ ಸಹಾಬಿಗೆ ಪ್ರವಾದಿವರ್ಯರು(ಸ) ಮೂರು ದಿನಗಳ ಅವಕಾಶವನ್ನು ನೀಡಿದ್ದು ಇದರ ಮೂಲ. ಇಮಾಮರ ಪ್ರಮುಖ ಶಿಷ್ಯರಾದ ಅಬೂಯೂಸುಫ್ ಮತ್ತು ಮುಹಮ್ಮದ್ ಶೈಬಾನೀಯವರು, ಅವಧಿಯನ್ನು ನಿಗದಿಪಡಿಸಿದರೆ ಇನ್ನೂ ಹೆಚ್ಚು ದಿನಗಳೂ ಆಗಬಹುದೆಂದರು.

ಇವುಗಳಲ್ಲದೆ ಇಕಾಲಾ ಎಂಬುದೊಂದಿದೆ. ಮಾಲಿನಲ್ಲಿ ಐಬಿಲ್ಲ, ಷರತ್ತೂ ಇಲ್ಲ. ಕೊಂಡವನಿಗೆ ಮಾತ್ರ ಪಶ್ಚಾತ್ತಾಪವಾಗಿದೆ. ಆಗಲೂ ಮಾರಿದವನು ಮಾಲನ್ನು ಮರಳಿ ಪಡೆದರೆ ಅಂತಹವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂದು ಪ್ರವಾದಿ ವಚನಗಳು ಸುವಾರ್ತೆ ನೀಡುತ್ತವೆ. ಹಾಗೆ ಮರಳಿ ಪಡೆಯುವಾಗ ಮೊದಲಿನ ಬೆಲೆಯನ್ನೇ ಹಿಂದಿರುಗಿಸಬೇಕು, ಐಬಿಲ್ಲದ ಮಾಲಿಗೆ ಹಣ ಮುರಿದುಕೊಳ್ಳುವಂತಿಲ್ಲವೆಂಬುದು ಇಮಾಮರ ಅಭಿಪ್ರಾಯ.

ಇಲ್ಲಿ ಇನ್ನೊಂದು ವಿಷಯವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಯಾವ ಐಬಿಗೂ ತಾನು ಹೊಣೆಯಲ್ಲವೆಂದು ಮಾರುವವನು ಮೊದಲೇ ತಿಳಿಸಿ, ಗಿರಾಕಿಯು ಅದನ್ನು ಒಪ್ಪಿಕೊಂಡರೆ, ಹನಫೀ ಮದ್ಹಬ್‌ನ ಪ್ರಕಾರ ಅಂತಹ ಮಾರಾಟವು ಸಿಂಧುವಾಗುತ್ತದೆ. ನಮ್ಮ ಅಂಗಡಿಯ ಫಲಕಕ್ಕೆ ಇದರಲ್ಲಿ ಆಸರೆ ಸಿಕ್ಕಿತೆಂದು ಯಾರಾದರೂ ಸಮಾಧಾನಪಟ್ಟುಕೊಳ್ಳಬಹುದು. ಆದರೆ ಆ ದಾರಿ ಇರುವುದನ್ನು ಬಲ್ಲ ಇಮಾಮರೇ, ಪಾಲುದಾರನ ಮರೆವಿನಿಂದಾದ ಒಂದು ತಪ್ಪಿಗಾಗಿ ಇಡೀ ಮಾಲಿನ ಹಣವನ್ನು ಕೈಬಿಟ್ಟರು. ಕಾನೂನಿನ ಕನಿಷ್ಠ ಮಿತಿಯು ನ್ಯಾಯಾಲಯದಲ್ಲಿ ನಿಲ್ಲಲು ಸಾಕಾಗಬಹುದು. ಅಲ್ಲಾಹನ ಮುಂದೆ ನಿಲ್ಲಲು ಅದು ಸಾಕೇ ಎಂಬ ಭಯವು ಅವರನ್ನು ಅದಕ್ಕಿಂತ ಮುಂದಕ್ಕೆ ಒಯ್ದಿತು.

ನಷ್ಟವಾಯಿತೇ?

ಇಷ್ಟೆಲ್ಲ ಖಾತರಿ ಕೊಟ್ಟರೆ ಅಂಗಡಿ ಉಳಿಯುವುದುಂಟೇ ಎಂದು ಇಂದಿನ ವ್ಯಾಪಾರಿ ಕೇಳಬಹುದು. ಇಮಾಮರ ಅಂಗಡಿ ಉಳಿಯಿತು, ಬೆಳೆಯಿತು. ಅವರ ಸರಕು ಬಗ್ದಾದಿಗೂ ಹೋಗುತ್ತಿತ್ತು. ಕಾರಣವೂ ಸರಳವಾಗಿದೆ. ಬಟ್ಟೆಯ ಗುಣವನ್ನು ಎಲ್ಲ ಗಿರಾಕಿಗಳೂ ಅಂಗೈಯಲ್ಲಿ ಹಿಡಿದು ಅಳೆಯಲಾರರು. ಎಳೆಯಲ್ಲಿ ಎಷ್ಟು ರೇಷ್ಮೆ, ಎಷ್ಟು ಉಣ್ಣೆ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರದಲ್ಲಿಯೇ ಮೋಸ ಹುಟ್ಟುತ್ತದೆ. ಗಿರಾಕಿಯು ಚೌಕಾಸಿ ಮಾಡುವುದು, ಹತ್ತು ಅಂಗಡಿ ಅಲೆಯುವುದು, ಒಳ್ಳೆಯ ಮಾಲಿಗೂ ಕಡಿಮೆ ಬೆಲೆ ಕೇಳುವುದು ಆ ಭಯದಿಂದಲೇ. ಮಾಲು ಕೆಟ್ಟದ್ದಾದರೆ ನಷ್ಟ ಅಂಗಡಿಯದು ಎಂಬ ನಂಬಿಕೆ ಹುಟ್ಟಿದರೆ ಗಿರಾಕಿಯ ಭಯ ಹೋಗುತ್ತದೆ. ಅಷ್ಟೇ ಅಲ್ಲ, ವಾಪಸು ಬರುವ ಮಾಲಿನ ನಷ್ಟವನ್ನು ತಾನೇ ಹೊರಬೇಕಾದ ವ್ಯಾಪಾರಿಯು ಕೊಳ್ಳುವಾಗಲೇ ಎಚ್ಚರ ವಹಿಸುತ್ತಾನೆ, ಕೆಲಸದವರಿಗೂ ಎಚ್ಚರಿಕೆ ಕಲಿಸುತ್ತಾನೆ.

ಆ ನಂಬಿಕೆ ಎಷ್ಟು ದೊಡ್ಡದಾಗಿತ್ತೆಂದರೆ ಜನರು ತಮ್ಮ ಹಣವನ್ನು ಅಮಾನತಾಗಿ ಇಮಾಮರ ಬಳಿ ಇಡುತ್ತಿದ್ದರು. ಅವರು ನಿಧನರಾದಾಗ ಅವರ ಬಳಿ ಐದು ಕೋಟಿ ದಿರ್ಹಮ್‌ಗಳಷ್ಟು ಅಮಾನತು ಇತ್ತೆಂದು ಕೆಲವು ಚರಿತ್ರೆಕಾರರು ಬರೆದಿದ್ದಾರೆ. ಸಾಲ ಕೊಟ್ಟ ವ್ಯಕ್ತಿಯ ಮನೆಯ ಗೋಡೆಯ ನೆರಳಿನಲ್ಲಿ ನಿಲ್ಲಲೂ ಅವರು ಹಿಂಜರಿದು ಬಿಸಿಲಿನಲ್ಲಿ ನಿಂತರೆಂಬ ವರದಿಯಿದೆ. ಆ ನೆರಳೂ ಸಾಲದಿಂದ ಪಡೆದ ಲಾಭವಾಗಿ ಬಡ್ಡಿಯ ಸಾಲಿಗೆ ಸೇರೀತೆಂಬ ಭಯ ಅವರಿಗಿತ್ತು. ಇಂತಹವರ ಕೈಯಲ್ಲಿ ಹಣವಿಡಲು ಜನರು ಏಕೆ ಹಿಂಜರಿಯಬೇಕು?

ವ್ಯಾಪಾರದ ಲಾಭವನ್ನು ಅವರು ವಿದ್ವಾಂಸರ ಹಾಗೂ ವಿದ್ಯಾರ್ಥಿಗಳ ಅಗತ್ಯಗಳಿಗೆ ಬಳಸಿದರು. ಆಹಾರ, ಬಟ್ಟೆ ಕೊಂಡು ಕೊಟ್ಟು, ಉಳಿದ ಹಣವನ್ನೂ ಅವರಿಗೇ ಹಂಚುತ್ತಿದ್ದರು. ತನಗೆ ಕೃತಜ್ಞತೆ ಬೇಡ, ಅಲ್ಲಾಹನನ್ನು ಸ್ತುತಿಸಿರಿ ಎನ್ನುತ್ತಿದ್ದರು. ಬಡತನದಿಂದಾಗಿ ಓದು ನಿಲ್ಲಿಸುವ ಸ್ಥಿತಿಯಲ್ಲಿದ್ದ ಅಬೂಯೂಸುಫ್‌ರ ಖರ್ಚನ್ನು ಅವರು ವಹಿಸಿಕೊಂಡರು. ಆ ಬಡ ಹುಡುಗ ಮುಂದೆ ಖಲೀಫ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು.

ಅರಮನೆಯ ಹಂಗಿಲ್ಲದೆ

ಆ ಅಂಗಡಿಯಿಂದ ಇಮಾಮರಿಗೆ ದೊರೆತ ದೊಡ್ಡ ಲಾಭವೆಂದರೆ ಅವರು ಯಾವ ಅರಸನ ಹಂಗಿನಲ್ಲಿಯೂ ಇರಬೇಕಾಗಲಿಲ್ಲ. ಉಮವೀ ಆಡಳಿತದ ಕೊನೆಯ ದಿನಗಳಲ್ಲಿ ಇರಾಕಿನ ಗವರ್ನರ್ ಇಬ್ನು ಹುಬೈರಾ ಅವರಿಗೆ ಸರಕಾರಿ ಹುದ್ದೆಯನ್ನು ವಹಿಸಲು ಬಯಸಿದನು. ಅವರು ಒಪ್ಪದಿದ್ದಾಗ ಚಾಟಿಯೇಟಿನ ಶಿಕ್ಷೆ ಕೊಡಿಸಿದನು. ಬಳಿಕ ಅವರು ಮಕ್ಕಾಕ್ಕೆ ಹೋಗಿ ಕೆಲಕಾಲ ಅಲ್ಲಿದ್ದರು. ಅಬ್ಬಾಸೀ ಖಲೀಫ ಮನ್ಸೂರ್ ಬಗ್ದಾದಿಗೆ ಕರೆಸಿ ನ್ಯಾಯಾಧೀಶರ ಹುದ್ದೆಯನ್ನು ನೀಡಲು ಮುಂದಾದಾಗಲೂ ಅವರು ನಿರಾಕರಿಸಿದರು. ಅದಕ್ಕಾಗಿ ಸೆರೆಮನೆಯನ್ನು ಅನುಭವಿಸಿದರು.

ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ ಇಮಾಮರು ಬಗ್ದಾದಿನಲ್ಲಿ ನಿಧನರಾದರು. ಬಲಾತ್ಕಾರವಾಗಿ ವಶಪಡಿಸಿಕೊಂಡ ನೆಲದಲ್ಲಿ ತನ್ನನ್ನು ದಫನ ಮಾಡಬಾರದೆಂದು ಅವರು ತಿಳಿಸಿದ್ದರೆಂದು ವರದಿಯಾಗಿದೆ. ಹಾಗೆಯೇ ಅವರನ್ನು ಖೈಝುರಾನ್ ಕಬ್ರಸ್ತಾನದಲ್ಲಿ ದಫನ ಮಾಡಲಾಯಿತು. ಬದುಕಿನುದ್ದಕ್ಕೂ ಮಾಲಿನ ಐಬನ್ನು ಮುಚ್ಚದ ವ್ಯಾಪಾರಿಯು ತನ್ನ ಕಬರಿನ ಮಣ್ಣಿನಲ್ಲಿಯೂ ಐಬು ಇರಬಾರದೆಂದು ಬಯಸಿದರು. ಆ ಪ್ರದೇಶವು ಇಂದು ಅವರ ಬಿರುದಿನಿಂದಲೇ ಅಅಝಮಿಯ್ಯಾ ಎನಿಸಿಕೊಂಡಿದೆ.

ಅವರ ಕರ್ಮಶಾಸ್ತ್ರ ಉಳಿಯಿತು. ಉಸ್ಮಾನೀ ಆಡಳಿತವು 1869 ಮತ್ತು 1876ರ ನಡುವೆ ಮಜಲ್ಲಾ ಎಂಬ ನಾಗರಿಕ ಕಾನೂನನ್ನು ರಚಿಸಿದಾಗ ಹನಫೀ ಶಾಸ್ತ್ರದ ಈ ಖಿಯಾರ್‌ಗಳು ಅದರಲ್ಲಿ ಕಲಮುಗಳಾಗಿ ಸೇರಿದವು. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಿದಾಗ ಅದನ್ನು ಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಹೇಳುತ್ತದೆ. ಅಂದರೆ ಗೋಡೆಯ ಆ ಫಲಕಕ್ಕೆ ಇಂದು ನಮ್ಮ ದೇಶದ ಕಾನೂನಿನ ಬೆಂಬಲವೂ ಇಲ್ಲ. ಆದರೆ ಮುಸ್ಲಿಮ್ ವ್ಯಾಪಾರಿಯು ಅದನ್ನು ಕೆಳಗಿಳಿಸಲು ಕಾಯಿದೆಗಾಗಿ ಕಾಯಬೇಕಾಗಿತ್ತೇ?

ನಮ್ಮಲ್ಲಿ ಅನೇಕ ಕುಟುಂಬಗಳು ವ್ಯಾಪಾರವನ್ನೇ ನಂಬಿ ಬದುಕುತ್ತವೆ. ಬಟ್ಟೆ, ಚಪ್ಪಲಿ, ಪಾತ್ರೆ, ಮೊಬೈಲ್, ಹಣ್ಣು, ಮೀನು ಹೀಗೆ ನಮ್ಮ ಕೈಯಿಂದ ದಿನವೂ ನೂರಾರು ಜನರ ಮನೆಗೆ ಮಾಲು ಹೋಗುತ್ತದೆ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಇಸ್ಲಾಮಿನ ಬಗ್ಗೆ ಗ್ರಂಥವನ್ನು ಓದದವರೂ ನಮ್ಮ ಅಂಗಡಿಯನ್ನು ಓದುತ್ತಾರೆ. ಇಂದು ರಾತ್ರಿ ಗಲ್ಲಾ ಮುಚ್ಚುವ ಮುನ್ನ ಹಣ ಎಣಿಸುವಾಗ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ಇದರಲ್ಲಿ ಐಬನ್ನು ಹೇಳದೆ ಪಡೆದ ಹಣವೆಷ್ಟು? ಗಿರಾಕಿಯ ವಿಳಾಸ ತಿಳಿದಿದ್ದರೆ ನಾಳೆಯೇ ಅವನಿಗೆ ಹಿಂದಿರುಗಿಸೋಣ. ತಿಳಿಯದಿದ್ದರೆ ಏನು ಮಾಡಬೇಕೆಂಬುದನ್ನು ಕೂಫಾದ ಆ ಬಟ್ಟೆ ವ್ಯಾಪಾರಿಯು ಮಾಡಿ ತೋರಿಸಿದ್ದಾರೆ. ಅವರ ಮೇಲೆ ಅಲ್ಲಾಹನ ಕೃಪೆಯಿರಲಿ. ನಮ್ಮ ಸಂಪಾದನೆಯನ್ನು ಅವನು ಶುದ್ಧಗೊಳಿಸಲಿ.